ಊಟಕ್ಕೆ ಮೊದಲು ಹೇಳುವ ಹೆಸರು

ಸಮಿತಿಯ ಕಾರ್ಯದರ್ಶಿ ಫೋನಿನಲ್ಲಿ ಹಾಕಿದ್ದು ಒಂದೇ ಷರತ್ತು. ನಮ್ಮ ಅಧ್ಯಾಯ ದಾಖಲೆಗೆ ಸೇರಬೇಕಾದರೆ ಅದಕ್ಕಾಗಿ ಭಾಷಣಗಳನ್ನು ಓದಿದವರು, ಅನುವಾದಿಸಿದವರು, ಎಲ್ಲರ ಹೆಸರೂ ಸಹಿಯೂ ಇರಬೇಕು. ಒಂದು ಸಹಿ ತಪ್ಪಿದರೂ ಅಧ್ಯಾಯ ವಾಪಸ್. “ಅದಕ್ಕೇನಂತೆ, ಕೊಡೋಣ” ಎಂದು ಹಿಂದಿಯಲ್ಲಿ ಧಿಮಾಕಿನಿಂದಲೇ ಹೇಳಿ ಫೋನಿಟ್ಟೆ. ಒಂದು ಸಹಿಗೆ ಒಬ್ಬ ಮನುಷ್ಯ ತನ್ನ ಜಾಗವನ್ನೇ ಕಳೆದುಕೊಳ್ಳಬಹುದು ಎಂದು ಆಗ ನನಗೆ ಹೊಳೆದಿರಲಿಲ್ಲ.

ನಾನು ವಾರಾಣಸಿಯ ಒಂದು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಸಣ್ಣ ಸಾಲ ಕೊಡುವ ಕಂಪನಿಗಳ ವಸೂಲಿಗೆ ನಿಯಮ ರೂಪಿಸಲು ಸಮಿತಿಯೊಂದು ದೇಶದ ಹಲವು ಊರುಗಳಲ್ಲಿ ಅಹವಾಲು ಸಭೆ ನಡೆಸುತ್ತಿತ್ತು. ಕೊನೆಯ ಸಭೆ ನಮ್ಮಲ್ಲೇ, ಭೇಲೂಪುರದ ಒಂದು ಸಭಾಂಗಣದಲ್ಲಿ. ಕರಡಿನ ಜೀವವೆಲ್ಲ ಇದ್ದದ್ದು ಒಂದು ವಾಕ್ಯದಲ್ಲಿ: ವಸೂಲಿಯವರು ಸಾಲಗಾರರ ಮನೆ ಬಾಗಿಲಿಗೆ ಬರಕೂಡದು. ಈ ವಾಕ್ಯ ಇರಬೇಕೋ ಬೇಡವೋ ಎಂದು ಹೇಳಲು ಊರೂರಿನಲ್ಲೂ ರಾಜಕಾರಣಿಗಳು ಬಂದರು. ಅವರು ಹೇಳಿದ್ದೆಲ್ಲ ‘ಜನಾಭಿಪ್ರಾಯ’ ಎಂಬ ತಲೆಬರಹದಡಿ ದಾಖಲಾಗುತ್ತಿತ್ತು. ಆದರೆ ಇವರಲ್ಲಿ ಎಷ್ಟೋ ಜನರ ಚುನಾವಣೆಗೆ, ಪಕ್ಷಕ್ಕೆ, ಅವೇ ಕಂಪನಿಗಳು ಚಂದಾ ಕೊಟ್ಟಿದ್ದವು. ಹುಡುಕುವ ತಾಳ್ಮೆ ಇರುವವರಿಗೆ ಸಾರ್ವಜನಿಕ ದಾಖಲೆಗಳಲ್ಲೇ ಸಿಗುತ್ತಿತ್ತು ಅದು. ನಮ್ಮ ಪ್ರಶ್ನೆ ಸರಳ: ಚಂದಾ ಪಡೆದವರ ಮಾತು ಪಡೆಯದವರ ಮಾತಿಗಿಂತ ಬೇರೆಯಾಗಿರುತ್ತದೆಯೇ? ಹಾಗಿದ್ದರೆ, ಮಾತಾಡುವ ಮೊದಲು ಚಂದಾದ ವಿಷಯ ಹೇಳಲೇಬೇಕು ಎಂಬ ನಿಯಮ ಬರಲಿ ಎಂಬುದು ಸಮಿತಿಗೆಂದು ನಾವು ಬರೆಯುತ್ತಿದ್ದ ವರದಿಯ ಈ ಅಧ್ಯಾಯದ ಶಿಫಾರಸು.

ಕೆಲಸದ ಕ್ರಮ ಹೀಗಿತ್ತು. ಹಿಂದಿ, ಕನ್ನಡ ಭಾಷಣಗಳ ಲಿಖಿತ ಪ್ರತಿಯಿಂದ ಹೆಸರು, ಊರು, ಪಕ್ಷ ಎಲ್ಲವನ್ನೂ ತೆಗೆದುಹಾಕುವುದು. ಇಬ್ಬರು ಬೇರೆ ಬೇರೆ ಕೂತು ಓದಿ ನಿಯಮದ ಬಗ್ಗೆ ಪ್ರತಿ ಭಾಷಣದ ನಿಲುವಿಗೂ ಬಿಗಿ, ಸಡಿಲ, ನಡುವೆ, ಈ ಮೂರರಲ್ಲಿ ಒಂದು ಗುರುತು ಹಾಕುವುದು. ಇಬ್ಬರ ಗುರುತೂ ಬಹುಮಟ್ಟಿಗೆ ಹೊಂದಿದರೆ ಮಾತ್ರ ಮುಂದಕ್ಕೆ. ಯಾರು ಚಂದಾ ಪಡೆದವರು ಎಂಬುದು ಓದುವವರಿಗೆ ಗೊತ್ತಿರಬಾರದು, ಆ ಪಟ್ಟಿ ಭೂಗೋಳ ವಿಭಾಗದ ಸಹೋದ್ಯೋಗಿಯ ಬೀರುವಿನಲ್ಲಿ. ಹೆಸರಿನ ಬದಲು ಅಂಕಿ ಹಾಕೋಣ ಎಂದರೆ ನನ್ನ ಸಂಶೋಧನಾ ವಿದ್ಯಾರ್ಥಿಗಳು ಅಂಕಿ ಕಲಸಿಹೋಗುತ್ತದೆ ಎಂದು ತರಕಾರಿ ಹೆಸರಿಟ್ಟರು. ಹಿಂದಿಯವರಲ್ಲಿ ಕರೇಲಾ, ಭಿಂಡಿ. ಕನ್ನಡದವರಲ್ಲಿ ಸೋರೆಕಾಯಿ, ಬದನೆಕಾಯಿ, ಹೀರೇಕಾಯಿ. ಗಂಭೀರ ವಿಷಯಕ್ಕೆ ಇದೇನು ಸಂತೆ ಎಂದು ಬೈದೆ. ಆಮೇಲೆ ನನಗೂ ಅದೇ ರೂಢಿಯಾಯಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮ ಸಂಶೋಧನಾ ಕೇಂದ್ರದ ಕಂಪ್ಯೂಟರುಗಳೂ ವಿದ್ಯಾರ್ಥಿಗಳ ತಿಂಗಳ ಸಂಭಾವನೆಯೂ ಹಣಕಾಸು ಕಂಪನಿಯೊಂದರ ದತ್ತಿಯಿಂದ ಬರುತ್ತವೆ. ಅದನ್ನು ವರದಿಯ ಕೊನೆಯ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಹಾಕುವುದು ಪದ್ಧತಿ. ಈ ಸಲವೂ ಅಲ್ಲೇ ಹಾಕಿದ್ದೆವು.

ಹಿಂದಿ ಭಾಷಣಗಳಿಗೆ ಇಬ್ಬರು ಓದುಗರು ಸಲೀಸಾಗಿ ಸಿಕ್ಕರು. ಕನ್ನಡದ ಕಟ್ಟಿಗೆ ಒಬ್ಬಳು ನಾನು, ಇನ್ನೊಬ್ಬರು ಯಾರು? ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕನ್ನಡದ ಡಾಕ್ಟರುಗಳಿದ್ದಾರೆ. ಕೇಳಿದರೆ ಕೈ ಮುಗಿದು “ಮೇಡಂ, ರೋಗಿಗಳ ಸಾಲು ನೋಡಿ” ಎನ್ನುತ್ತಾರೆ. ಅವರ ಮಕ್ಕಳು ಅಮ್ಮನ ಹತ್ತಿರ ಜಗಳವನ್ನೂ ಹಿಂದಿಯಲ್ಲೇ ಆಡುತ್ತಾರೆ. ಕೊನೆಗೆ ಉಳಿದದ್ದು ಮಠ.

ನಮ್ಮ ಕಡೆಯ ಯಾತ್ರಿಕರು ಇಳಿದುಕೊಳ್ಳುವ ಮಠ ಅದು. ಹಬ್ಬ ಹರಿದಿನಕ್ಕೆ ನಾನೂ ಹೋಗಿ ಉಂಡುಬರುತ್ತಿದ್ದೆ. ಅಲ್ಲಿಯ ಶಾಸ್ತ್ರಿಗಳು ಕಲಬುರಗಿ ಕಡೆಯವರು. ಯಾತ್ರಿ ನಿವಾಸದ ಕೋಣೆಗಳ ಉಸ್ತುವಾರಿ ಅವರದು. ಜೊತೆಗೆ ಮಧ್ಯಾಹ್ನ ಎಲೆ ಹಾಕಿ ಬಡಿಸುವ ಮುನ್ನ ಪಂಕ್ತಿಯ ತಲೆಯಲ್ಲಿ ನಿಂತು ಅಂದಿನ ದಾಸೋಹ ಯಾವ ಊರಿನ ಯಾರದು, ಯಾವ ನಿಮಿತ್ತ ಕೊಟ್ಟದ್ದು ಎಂದು ಕೂಗಿ ಹೇಳುವ ಕೆಲಸವೂ ಅವರದೇ. ಗಂಟಲೋ ಗಂಟಲು! ಹೊಟ್ಟೆ ಚುರುಗುಟ್ಟುತ್ತಿರುವಾಗ ಆ ಊರು, ಆ ಮನೆತನ, ಆ ಮೊಮ್ಮಗನ ಜವಳ ಎಲ್ಲ ಮುಗಿಯುವವರೆಗೂ ಕಾಯಬೇಕು. ಬೇಗ ಮುಗಿಸಬಾರದೇ ಈ ಮಹಾನುಭಾವ ಎಂದು ಒಳಗೇ ಗೊಣಗಿದ್ದೂ ಉಂಟು.

ಅವರನ್ನು ಕೇಳಿದೆ.

“ಏನ್ ಓದೂದ್ರಿ ಅಕ್ಕಾರ? ಪುರಾಣ ಏನು?”

“ರಾಜಕಾರಣಿಗಳ ಭಾಷಣ, ಶಾಸ್ತ್ರಿಗಳೇ.”

“ಯಪ್ಪಾ! ಕಾಶಿಗಿ ಬಂದ ಮ್ಯಾಲೂ ಅದು ತಪ್ಪಲಿಲ್ಲ ನೋಡ್ರಿ” ಎಂದರು. ಆದರೆ ಒಪ್ಪಿದರು. ಲಂಕಾ ಬಡಾವಣೆಯ ಅಂಗಡಿಯಲ್ಲಿ ಪ್ರತಿ ತೆಗೆಸಿ ಒಂದು ಕಟ್ಟು ಅವರಿಗೆ ಕೊಟ್ಟೆ, ಒಂದನ್ನು ಮನೆಗೆ ಒಯ್ದೆ.

ನನ್ನ ಕಟ್ಟನ್ನು ನಾನು ಆಸೆಪಟ್ಟು ಓದಿದೆ. ಸುಳ್ಳೇಕೆ, ಕೆಲಸ ಎನ್ನುವುದೇ ಮರೆತುಹೋಗಿತ್ತು. ನನ್ನದು ಚಾಮರಾಜನಗರದ ಕಡೆ. ಅವ್ವ ಹೋದ ಮೇಲೆ ಆ ಮಾತನ್ನು ನನ್ನೊಡನೆ ಆಡುವವರೇ ಇಲ್ಲ. ಸೋರೆಕಾಯಿಯ ಭಾಷಣ ತೆಗೆದರೆ ಮೊದಲ ಸಾಲಿಗೇ ಅವ್ವ ಎದುರಿಗೆ ಬಂದು ಕೂತಂತಾಯಿತು. “ಸಾಲದೋನು ಬಂದ ಅಂದ್ರೆ ನಮ್ ಹೆಣ್ಮಕ್ಳು ಅಟ್ಟ ಹತ್ತಿ ಕೂತ್ಕತ್ತಾರೆ ಸ್ವಾಮಿ. ಕೂಸು ಅತ್ರೆ ಗೊತ್ತಾಯ್ತದೆ ಅಂತ ಬಾಯ್ಗೆ ಬಟ್ಟೆ ಇಡ್ತಾರೆ. ಇದಾ ಬದ್ಕು?” ನನಗೆ ಅಳು ಬಂತು. ಕಣ್ಣೊರೆಸಿಕೊಂಡು ‘ಬಿಗಿ’ ಎಂದು ಗುರುತು ಹಾಕಿದೆ.

ಇಬ್ಬರ ಗುರುತುಗಳನ್ನೂ ಎದುರುಬದುರು ಇಟ್ಟು ನೋಡಿದೆ. ಹೊಂದುತ್ತಲೇ ಇರಲಿಲ್ಲ. ಹಿಂದಿಯ ಜೋಡಿ ಅಚ್ಚುಕಟ್ಟಾಗಿ ಹೊಂದಿತ್ತು. ಕನ್ನಡದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಜಗಳ. ಇದನ್ನು ಸಮಿತಿಗೆ ಕೊಟ್ಟರೆ ಕಂಪನಿಗಳ ವಕೀಲರು ಮೊದಲ ಪುಟದಲ್ಲೇ ಹರಿದುಹಾಕುತ್ತಾರೆ. ಶಾಸ್ತ್ರಿಗಳಿಗೆ ಓದುವುದೇ ಬರುವುದಿಲ್ಲ ಎಂದು ತೀರ್ಮಾನಿಸಿ, ಮಾರನೆಯ ಮಧ್ಯಾಹ್ನ ಪ್ರಸಾದ ಮುಗಿಯುತ್ತಲೇ ಮಠದ ಅಂಗಳದ ಕಟ್ಟೆಯ ಮೇಲೆ ಕೂರಿಸಿಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು. “ಅಕ್ಕಾರ, ಈ ಸೋರಿಕಾಯಿಗಿ ಬಿಗಿ ಅಂತ ಹ್ಯಾಂಗ ಹಾಕ್ದಿರಿ?”

“ಆ ಹೆಂಗಸು ಕೂಸಿನ ಬಾಯಿಗೆ ಬಟ್ಟೆ ಇಟ್ಟುಕೊಂಡು ಅಟ್ಟದಲ್ಲಿ ಕೂತಿರೋದನ್ನ ಓದಿಯೂ ಸಡಿಲ ಅಂತ ಹಾಕಿದ್ದೀರಲ್ಲ, ಕರುಳು ಇದೆಯಾ ನಿಮಗೆ?”

“ಕರುಳ ಅದಾವ್ರಿ. ಕಡೀ ನಾಕ ಸಾಲ ಓದ್ರಿ.”

ಓದಿದೆ. “ಅದ್ಕೇ ನಾ ಕೇಳ್ಕಳದು ಇಷ್ಟೇ. ಕಾನೂನು ಅಂತ ಅವಸ್ರ ಬೀಳ್ಬ್ಯಾಡಿ. ಕಂಪ್ನಿಯೋರೇ ಕೂತ್ಕಂಡು ಒಂದ್ ನಡವಳಿಕೆ ಮಾಡ್ಕಳ್ಲಿ. ಒಂದೆರಡ್ ವರ್ಸ ನೋಡವ.” ಮನೆಯಲ್ಲೂ ಈ ಸಾಲುಗಳನ್ನು ಓದಿದ್ದೆ. ಕಣ್ಣು ಓದಿತ್ತು, ತಲೆಗೆ ಹೋಗಿರಲಿಲ್ಲ. ಅಟ್ಟದ ಹೆಂಗಸಿನ ಕಣ್ಣೀರು ತೋರಿಸಿ ಆ ಮನುಷ್ಯ ಕೇಳಿದ್ದು ಕಂಪನಿಗಳಿಗೆ ಕಾಲಾವಕಾಶ! ಅವನ ಮೇಲಿನ ಸಿಟ್ಟನ್ನು ಶಾಸ್ತ್ರಿಗಳ ಮೇಲೆ ತೀರಿಸಿಕೊಳ್ಳಲು ಬದನೆಕಾಯಿಯ ಹಾಳೆ ಎಳೆದೆ.

“ಇದೇನು ಮತ್ತೆ? ಈ ಬದನೆಕಾಯಿ ‘ಈ ಕಾಯ್ದೆ ಬೇಡವೇ ಬೇಡ’ ಅಂತ ಮೇಜು ಕುಟ್ಟಿ ಹೇಳ್ತಿದ್ದಾನೆ. ನೀವು ‘ನಡುವೆ’ ಅಂತ ಹಾಕಿದ್ದೀರಿ.”

“ಅದು ಹಂಗಲ್ರಿ. ಇಂವ ನಮ್ಮ ಕಡಿಯಾಂವ. ನಮ್ಮ ಮಂದಿ ಮಾತ ಒರಟ ಇರ್ತದ, ಮನಸ ಛಲೋ…” ಎನ್ನುತ್ತ ನಿಂತುಬಿಟ್ಟರು. ನನ್ನ ಮುಖ ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ನಗು ಬಂತು, ಒಟ್ಟಿಗೇ ನಿಂತೂ ಹೋಯಿತು.

ಅಲ್ಲಿಂದ ಒಂದೊಂದೇ ಹಾಳೆ ತೆಗೆದು ನೋಡಿದೆವು. ನನ್ನ ಕಡೆಯ ಮಾತಾಡಿದವರ ಮೇಲೆಲ್ಲ ನನಗೆ ಕರುಣೆ. ಅವರ ಕಡೆಯವರ ಮೇಲೆ ಅವರಿಗೆ. ಮಂಗಳೂರಿನ ಕಡೆಯ ಹೀರೇಕಾಯಿಗೆ ಮಾತ್ರ ನಾವಿಬ್ಬರೂ ಒಂದೇ ಸಮ ನಿರ್ದಯಿಗಳು. ಹೆಸರು, ಊರು ಎಲ್ಲ ಅಳಿಸಿ ಮುಚ್ಚಿಟ್ಟೆವೆಂದುಕೊಂಡಿದ್ದೆವು. ಊರಿನ ಮಾತು ಹಾಳೆಯ ತುಂಬ ಹಾಗೇ ಇತ್ತು. ಹಿಂದಿಯ ಓದುಗರಿಗೆ ಈ ತೊಂದರೆ ಬರಲಿಲ್ಲ, ಅವರು ತಮ್ಮ ಊರಿನಲ್ಲೇ ಇದ್ದಾರೆ, ಊರಿನ ಮಾತಿಗೆ ಹಸಿದಿಲ್ಲ. ನಾವು ಮನೆ ಬಿಟ್ಟು ಬಂದವರು. ಆ ಮಾತು ಕೇಳಿದರೆ ಸಾಕು, ಆಡಿದವನೆಲ್ಲ ನೆಂಟ.

ಗಡುವು ಹತ್ತಿರವಿತ್ತು. ಕನ್ನಡದ ಭಾಷಣಗಳನ್ನೇ ಕೈಬಿಡಬಹುದಿತ್ತು. ಆಗ ಅಧ್ಯಾಯ ಒಂದೇ ಸೀಮೆಯದಾಗಿ ಅದರ ತೂಕ ಇಳಿಯುತ್ತದೆ. ಅಸ್ಸಿ ಘಾಟಿನಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ನನ್ನ ವಿದ್ಯಾರ್ಥಿನಿಯ ಮುಂದೆ ತೋಡಿಕೊಂಡೆ. ಹಿಂದಿ ಕಟ್ಟು ಓದಿದವರಲ್ಲಿ ಅವಳೂ ಒಬ್ಬಳು. “ತೋ ಹಮ್ ಕೋ ದೇ ದೀಜಿಯೇ ನ ಮ್ಯಾಮ್, ಹಿಂದೀ ಮೇ” ಎಂದಳು, ಹಿಂದಿಗೆ ತಂದು ನಮಗೇ ಕೊಡಿ, ಅದರಲ್ಲೇನಿದೆ ಎನ್ನುವಂತೆ.

ಒಪ್ಪಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಇಡೀ ಯೋಜನೆಗೆ ಕನ್ನಡ ಸೇರಿಸಿದವಳೇ ನಾನು. ಈಗ ಓದುವ ಜಾಗದಿಂದ ನಾನೇ ಎದ್ದುಹೋಗಬೇಕು, ಆ ಭಾಷಣಗಳಿಂದ ಕನ್ನಡವನ್ನೇ ತೆಗೆಯಬೇಕು. ಆದರೂ ಆ ಸಂಜೆಯೇ ನಿರ್ಧರಿಸಿದೆ. ನಮ್ಮಿಬ್ಬರ ಗುರುತುಗಳೂ ರದ್ದು. ನನ್ನ ಕಡೆಯವರ ಭಾಷಣವನ್ನು ಶಾಸ್ತ್ರಿಗಳು, ಅವರ ಕಡೆಯವರದನ್ನು ನಾನು, ಮಿಕ್ಕವನ್ನು ಹಂಚಿಕೊಂಡು, ಬೋಳು ಹಿಂದಿಗೆ ತರುವುದು. ಕನ್ನಡದ ಡಾಕ್ಟರೊಬ್ಬರನ್ನು ಕಾಡಿ ಬೇಡಿ ತಾಳೆ ನೋಡಿಸುವುದು. ಆಮೇಲೆ ಹಿಂದಿಯ ಓದುಗರಿಬ್ಬರು ಗುರುತು ಹಾಕುವುದು. ಓದುಗರಿಗೆ ಕೊಡುವ ಕೈಪಿಡಿಗೆ ಒಂದು ಸಾಲು ಸೇರಿಸಿದೆ: ಭಾಷಣಕಾರ ಏನು ಹೇಳಿ ಮರುಗಿದ ಎಂಬುದಲ್ಲ, ಕೊನೆಗೆ ಏನು ಬೇಕೆಂದು ಕೇಳಿದ ಎಂಬುದಕ್ಕೆ ಗುರುತು.

ಅದೂ ಮೊದಲ ಸಲಕ್ಕೆ ಕೈಗೂಡಲಿಲ್ಲ. ಶಾಸ್ತ್ರಿಗಳ ಹಿಂದಿ ಪೂರ್ತಿ ಗಲ್ಲಿಯ ಹಿಂದಿ. ರಿಕ್ಷಾದವರ ಜೊತೆ, ಹೂವಿನವರ ಜೊತೆ ಜಗಳವಾಡಿ ಕಲಿತದ್ದು. ಅವರ ಅನುವಾದ ಓದಿದ ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. “ಮ್ಯಾಮ್, ಆಪಕೀ ಸೋರೆಕಾಯಿ ತೋ ಪಕ್ಕೀ ಬನಾರಸೀ ಹೈ!” ಅಂದರೆ ಮತ್ತೆ ಊರಿನ ವಾಸನೆ, ಈ ಸಲ ಅವರ ಊರಿನದು. ಶಾಸ್ತ್ರಿಗಳ ಪಕ್ಕ ಕೂತು ಒಂದೊಂದೇ ವಾಕ್ಯವನ್ನು ತಿಕ್ಕಿ ತೊಳೆದು ಪತ್ರಿಕೆಯ ಹಿಂದಿಗೆ ಇಳಿಸಿದೆವು. ಅಟ್ಟದ ಮೇಲಿನ ಕೂಸು ‘ಶಿಶು’ ಆಯಿತು. ಓದಿದರೆ ಸಪ್ಪೆ ಸಾರು. ನಮಗೆ ಬೇಕಾಗಿದ್ದುದೂ ಅದೇ.

ಈ ಸಲ ಗುರುತುಗಳು ಹೊಂದಿದವು. ಹಾಳೆಗಳಿಗೆ ಮುದ್ರೆ ಒತ್ತಿ, ಇನ್ನು ಯಾರೂ ತಿದ್ದುವಂತಿಲ್ಲ ಎಂದು ಮಾಡಿದ ಮೇಲೆ ಬೀರುವಿನ ಪಟ್ಟಿ ತರಿಸಿ ಎಲ್ಲರೂ ಕೂತೆವು. ಶಾಸ್ತ್ರಿಗಳೂ ಬಂದಿದ್ದರು. ಚಂದಾ ಪಡೆದವರಲ್ಲಿ ಹೆಚ್ಚಿನವರು ಸಡಿಲವನ್ನೇ ಕೇಳಿದ್ದರು. ಅದು ನಿರೀಕ್ಷಿಸಿದ್ದೇ. ಚಂದಾದಿಂದಲೇ ಹೀಗಾಯಿತು ಎಂದು ನಮ್ಮ ವಿಧಾನ ಸಾಬೀತು ಮಾಡಲಾರದು, ಹಾಗೆಂದು ಬರೆದೂ ಇದ್ದೇವೆ. ನಾನು ನಿರೀಕ್ಷಿಸದೆ ಇದ್ದುದು ಬೇರೆ. ಅವರಲ್ಲಿ ಕಂಪನಿಗಳನ್ನು ಹೊಗಳಿದವರು ಯಾರೂ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ.

ಸೋರೆಕಾಯಿಯೂ ಚಂದಾ ಪಡೆದವನೇ. ಅವನ ನಿಜವಾದ ಹೆಸರು ಓದುತ್ತಿದ್ದಂತೆ ಶಾಸ್ತ್ರಿಗಳು ಚಹಾದ ಲೋಟ ಕೆಳಗಿಟ್ಟರು.

“ಇವರಾ? ನಮ್ಮ ಯಾತ್ರಿ ನಿವಾಸದ ಮ್ಯಾಲಿನ ಕೋಣಿ ಕಟ್ಟಿಸಿದವರು ಇವರೇ ಅಲ್ಲೇನ್ರಿ! ಅವರ ಹೆಸರಿನ ಕಲ್ಲಿನ ಬುಡಕ ನಾ ದಿನಾ ಕೀಲಿ ತೂಗು ಹಾಕ್ತೀನಿ.”

ಅಧ್ಯಾಯದಲ್ಲಿ ಭಾಷಣಕಾರರ ಹೆಸರಿಲ್ಲ. ಆದರೆ ಅನುವಾದಗಳು ಅನುಬಂಧದಲ್ಲಿ ಇರುತ್ತವೆ, ತನ್ನ ಮಾತು ಯಾರಿಗೆ ಗುರುತು ಸಿಗುವುದಿಲ್ಲ? ಅದರಡಿ ಅನುವಾದಕರ ಹೆಸರು, ಸಹಿ. ಮಠದ ವ್ಯವಸ್ಥಾಪಕರಿಗೆ ಒಂದು ಫೋನು ಬಂದರೆ ಸಾಕು.

“ಬಿಡಿ ಶಾಸ್ತ್ರಿಗಳೇ, ಕನ್ನಡದ ಕಟ್ಟನ್ನೇ ತೆಗೆದುಬಿಡ್ತೀನಿ. ನಿಮ್ಮ ಹೊಟ್ಟೆ ಮೇಲೆ ಹೊಡೆದು ನನಗೆ ಅಧ್ಯಾಯ ಬೇಡ.” ಮನಸ್ಸಿನಿಂದಲೇ ಹೇಳಿದೆ, ಹೇಳುವಾಗ ದುಃಖವೂ ಆಯಿತು.

ಅವರು ಹಾಳೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, “ಅಕ್ಕಾರ, ದಿನಾ ಪಂಕ್ತಿ ಮುಂದ ನಿಂತು ನಾ ಏನ್ ಒದರ್ತೀನಿ?”

“ದಾಸೋಹ ಕೊಟ್ಟವರ ಹೆಸರು.”

“ಯಾವಾಗ?”

“ಊಟಕ್ಕೆ ಮೊದಲು. ನಮ್ಮ ಹೊಟ್ಟೆ ಉರಿಸೋಕೆ.”

ನಕ್ಕರು. “ಉಂಡ ಮ್ಯಾಲ ಯಾಕ ಹೇಳಂಗಿಲ್ಲ ಹೇಳ್ರಿ? ಒಬ್ಬಾಂವಗ ಆ ಮನಿ ಅನ್ನ ಬ್ಯಾಡ ಅನ್ನಿಸ್ತಂದ್ರ ಅಂವ ಏಳಾಕ ಬರಬೇಕಲ್ಲ. ಉಂಡು ಕೈ ತೊಳದ ಮ್ಯಾಲ ಹೇಳಿದ್ರ ಏನ್ ಮಾಡ್ಯಾನು ಪಾಪ? ನೀವು ಆ ಭಾಷಣದವರಿಗಿ ಕೇಳೂದೂ ಇದೇ ಅದ. ಕೊಡ್ರಿ ಆ ಪೆನ್ನ.”

ಸಹಿ ಹಾಕಿದರು. ಬೇರೆಯವರಿಂದ ತಿಳಿಯುವುದು ಬೇಡವೆಂದು ತಾವೇ ಹೋಗಿ ವ್ಯವಸ್ಥಾಪಕರಿಗೂ ಹೇಳಿದರು. ವ್ಯವಸ್ಥಾಪಕರು ಬೈಯಲಿಲ್ಲವಂತೆ. ಮಾರನೆಯ ದಿನ ಕೋಣೆಗಳ ಕೀಲಿಗೊಂಚಲು ಇಸಿದುಕೊಂಡು ಅವರನ್ನು ಗೋಶಾಲೆಗೆ ಹಾಕಿದರು. ಪಂಕ್ತಿಯಲ್ಲಿ ಹೆಸರು ಕೂಗುವ ಕೆಲಸವೂ ಹೋಯಿತು. ನಾನು ಓಡಿಹೋಗಿ ವ್ಯವಸ್ಥಾಪಕರ ಜೊತೆ ಜಗಳ ಕಾಯುತ್ತೇನೆಂದರೆ ಶಾಸ್ತ್ರಿಗಳೇ ಬಿಡಲಿಲ್ಲ. “ದನಗೋಳು ಭಾಷಣ ಮಾಡಂಗಿಲ್ರಿ, ಆರಾಮ ಅದೀನಿ” ಎಂದರು. ಆರಾಮಾಗಿರಲಿಲ್ಲ ಎಂದು ಅವರ ಗಂಟಲೇ ಹೇಳುತ್ತಿತ್ತು.

ಸಭೆಯ ದಿನ ಭೇಲೂಪುರದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಂಪನಿಗಳವರು, ನಡುವೆ ಪತ್ರಿಕೆಯವರು, ಹಿಂದೆ ನೇಕಾರರ ಕೇರಿಯಿಂದ ಬಂದ ಹೆಂಗಸರು. ಶಾಸ್ತ್ರಿಗಳು ಅವರ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನನ್ನ ಸರದಿ ಬಂತು. ಬರೆದುಕೊಂಡು ಹೋದ ಮೊದಲ ಪುಟ ಮಡಿಸಿಟ್ಟು, ಕೊನೆಯ ಪುಟದ ಬುಡದ ಸಣ್ಣಕ್ಷರವನ್ನು ಮೊದಲು ಗಟ್ಟಿಯಾಗಿ ಓದಿದೆ. ನಮ್ಮ ಕೇಂದ್ರ ಯಾವ ಹಣಕಾಸು ಕಂಪನಿಯ ದತ್ತಿಯಿಂದ ನಡೆಯುತ್ತದೆ, ಏನೇನು ಪಡೆದಿದ್ದೇವೆ, ಎಲ್ಲ. “ಮೇರಾ ಖಾಯಾ ಹುಆ ಯಹ್ ಹೈ. ಅಬ್ ಸುನನಾ ಚಾಹೇ ತೋ ಸುನಿಯೇ” ಎಂದೆ. ನಾನು ಉಂಡದ್ದು ಇದು, ಇನ್ನು ಕೇಳುವ ಮನಸ್ಸಿದ್ದರೆ ಕೇಳಿ. ನಮ್ಮ ಕೇಂದ್ರದ ನಿರ್ದೇಶಕರ ಮುಖ ಹುಳ್ಳಗಾಯಿತು. ಆಮೇಲೆ ಅಧ್ಯಾಯ ಮಂಡಿಸಿದೆ. ಕಂಪನಿಗಳ ವಕೀಲರು ಓದುಗರು ಯಾರು, ಹೇಗೆ ಆರಿಸಿದಿರಿ ಎಂದು ಕೇಳಿದರು. ನಮ್ಮ ಮೊದಲ ಓದು ಕೆಟ್ಟದ್ದನ್ನೂ ಅದನ್ನು ರದ್ದು ಮಾಡಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಸಹಿಗಳನ್ನು ನೋಡಿದರು. ಅಧ್ಯಕ್ಷರು ಅಧ್ಯಾಯವನ್ನು ದಾಖಲೆಗೆ ತೆಗೆದುಕೊಂಡರು.

ನನ್ನ ನಂತರ ಮಾತಾಡಲು ಎದ್ದವರು ಸ್ಥಳೀಯ ನೇತಾ. ಧ್ವನಿವರ್ಧಕ ಸರಿಮಾಡಿಕೊಂಡು, “ಮುಝೇ ಭೀ ಬತಾನಾ ಹೋಗಾ ಕ್ಯಾ?” ಎಂದು ನಕ್ಕರು, ತಾವೂ ಚಂದಾ ಹೇಳಬೇಕೇ ಎಂಬಂತೆ. ಅಂಥ ನಿಯಮ ಇನ್ನೂ ಆಗಿಲ್ಲ ಎಂದರು ಅಧ್ಯಕ್ಷರು. ಸರಿ, ನೇತಾ ಶುರುಮಾಡಿದರು. ತಮ್ಮ ಮೊಹಲ್ಲಾದ ಒಬ್ಬ ಮಗಳು, ವಸೂಲಿಯವನು ಬಂದರೆ ಕದ ಹಾಕಿಕೊಂಡು ಕತ್ತಲಲ್ಲಿ ಕೂರುವವಳು, ಒಲೆ ಹಚ್ಚಿದರೆ ಹೊಗೆ ಕಾಣುತ್ತದೆಂದು ಅಡುಗೆಯನ್ನೇ ಬಿಟ್ಟವಳು. ಚೆನ್ನಾಗಿಯೇ ಹೇಳಿದರು. ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ಇನ್ನೇನು ಬೇಡಿಕೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಅಂಗಳದಾಚೆಯವರನ್ನು ಕರೆಯುವಂಥ ಗಂಟಲು.

“ನೇತಾಜೀ, ಪಹಿಲೇ ಈ ಬತಾವಾ, ಕೇಕರ ಖಇಲೇ ಹಉವಾ?”

ಯಾರ ಅನ್ನ ಉಂಡು ಬಂದಿದ್ದೀರಿ, ಮೊದಲು ಅದನ್ನು ಹೇಳಿ. ಸಭೆ ಘೊಳ್ಳೆಂದಿತು. ನೇತಾ ಕೈ ಎತ್ತಿ ಸುಮ್ಮನಿರಿಸಲು ನೋಡಿದರು. ಅವಳು ಕೂರಲಿಲ್ಲ. “ಮ್ಯಾಡಂ ಬತಉಲೀ ನ? ತೂ ಹೂ ಬತಾವಾ.” ಮೇಡಂ ಹೇಳಲಿಲ್ಲವೇ, ನೀವೂ ಹೇಳಿ. ಪಕ್ಕದ ಹೆಂಗಸರೂ ಎದ್ದರು. ನಗು ನಿಂತುಹೋಯಿತು. ನಾನು ತಿರುಗಿ ಶಾಸ್ತ್ರಿಗಳನ್ನು ನೋಡಿದೆ. ಅವರು ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದರು.

ನೇತಾ ಲೋಟ ತೆಗೆದುಕೊಂಡು ನೀರು ಕುಡಿದರು. ಮುಂದಿನ ಸಾಲಿನ ಕಡೆಗೊಮ್ಮೆ ನೋಡಿದರು. ಕಾಗದಗಳನ್ನು ಜೋಡಿಸಿಕೊಂಡರು.

“ಪ್ರಶ್ನ ಲಿಖಿಯೇ” ಎಂದರು ಅಧ್ಯಕ್ಷರು, ನಡಾವಳಿ ಬರೆಯುವ ಗುಮಾಸ್ತನಿಗೆ.

ಅವನು ಬರೆದ. ಉತ್ತರದ ಜಾಗದಲ್ಲಿ ಏನು ಬರೆಯಲಿ ಎಂದು ತಲೆ ಎತ್ತಿ ಕೇಳಿದ, “ಉತ್ತರ್ ಮೇ ಕ್ಯಾ ಲಿಖೂಂ, ಸರ್?”

ಅಧ್ಯಕ್ಷರು ನೇತಾರ ಮುಖ ನೋಡುತ್ತ ಕಾದರು. ಇಡೀ ಸಭಾಂಗಣ ಕಾಯಿತು. ನೇತಾ ಧ್ವನಿವರ್ಧಕವನ್ನು ಪಕ್ಕಕ್ಕೆ ಸರಿಸಿ ಕೂತರು.

ಉತ್ತರ ಕೊಡಲಿಲ್ಲ ಎಂದೇ ಬರೆಸಿದರು ಅಧ್ಯಕ್ಷರು: “ಲಿಖಿಯೇ, ಉತ್ತರ್ ನಹೀಂ ದಿಯಾ.”